ಗನಿಸಾಬರು ಉಸಿರು ಬಿಟ್ಟದ್ದು

ಅಫಜಲಪುರ ಬಸ್ ಸ್ಟ್ಯಾಂಡಿನ ಎದುರಿಗೆ ಮೂವತ್ತೆರಡು ವರ್ಷಗಳಿಂದ ಫೋಟೋ ಸ್ಟುಡಿಯೋ ಇಟ್ಟುಕೊಂಡಿರುವ ಅಬ್ದುಲ್ ಗನಿಸಾಬರು ಮಾತಿನಲ್ಲಿ ಜನರನ್ನು ಹೊಟ್ಟೆ ಹುಣ್ಣಾಗುವಂತೆ ನಗಿಸುವವರು. ಆದರೆ ಅವರು ತೆಗೆದ ಒಂದೇ ಒಂದು ಫೋಟೋದಲ್ಲೂ ಯಾರೂ ನಕ್ಕಿಲ್ಲ. ಗಿರಾಕಿಯನ್ನು ಕುರ್ಚಿಯ ಮೇಲೆ ಕೂರಿಸಿ, ಗದ್ದ ಎತ್ತಿಸಿ, ಭುಜ ನೇರ ಮಾಡಿ, ಎಲ್ಲ ಸರಿಯಾಯಿತು ಅನ್ನುವಾಗ ಅವರು ಕ್ಯಾಮೆರಾದ ಹಿಂದಿನಿಂದ ತಪ್ಪದೆ ಒಂದು ಮಾತು ಹೇಳುತ್ತಿದ್ದರು: "ಉಸರ ಹಿಡೀರಿ."

ಹೇಳದೆ ಗತ್ಯಂತರವೂ ಇರಲಿಲ್ಲ. ಶಹಾಬಾದ್ ಪರಸಿ ಕಲ್ಲು ಹೊದಿಸಿದ, ಹತ್ತು ಅಡಿಗೆ ಹನ್ನೆರಡರ ಕೋಣೆ. ಅದರೊಳಗೆ ಎರಡು ಟ್ಯೂಬ್‌ಲೈಟು, ಒಂದು ಹ್ಯಾಲೋಜನ್. ಅಷ್ಟು ಕಮ್ಮಿ ಬೆಳಕಿಗೆ ಕ್ಯಾಮೆರಾ ತುಸು ಹೊತ್ತು ಕಣ್ಣು ತೆರೆದುಕೊಂಡೇ ಇರಬೇಕು. ಅಷ್ಟರಲ್ಲಿ ಎದುರಿಗಿದ್ದವರು ಅಲ್ಲಾಡಿದರೆ ಒಂದು ಮುಖಕ್ಕೆ ಎರಡು ಮೂಗು. ರೀಲಿನ ಕಾಲ ಹೋಗಿ ಡಿಜಿಟಲ್ ಬಂತು, ಗನಿಸಾಬರ ಗಡ್ಡ ಬಿಳಿಯಾಯಿತು, ಲೈಟು ಮಾತ್ರ ಅದೇ ಉಳಿಯಿತು, ಮಾತೂ ಅದೇ ಉಳಿಯಿತು. ಜನಕ್ಕೂ ರೂಢಿಯಾಗಿ, ಕುರ್ಚಿಯ ಮೇಲೆ ಕೂತೊಡನೆ ತಾವೇ ಕೆನ್ನೆ ಉಬ್ಬಿಸಿ ಕಣ್ಣರಳಿಸುತ್ತಿದ್ದರು. ತಾಲೂಕಿನ ಯಾವ ಮನೆಯ ಗೋಡೆ ನೋಡಿದರೂ ಹೊಸ ಜೋಡಿ, ಹಳೆ ಜೋಡಿ, ಅಜ್ಜ, ಮೊಮ್ಮಗ ಎಲ್ಲರೂ ಭೀಮಾ ನದಿಗೆ ಜಿಗಿಯಲು ನಿಂತವರ ಹಾಗೆ ಕಾಣುತ್ತಾರೆ.

ಹೋದ ವರ್ಷ ದೀಪಾವಳಿ ಮುಗಿದ ಮೇಲೆ ಅತನೂರಿನ ಸುಭದ್ರಾಬಾಯಿ ಒಂದು ಫೋಟೋವನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಸ್ಟುಡಿಯೋಕ್ಕೆ ಬಂದರು. ಎಪ್ಪತ್ತೆಂಟು ವರ್ಷ, ನೆಟ್ಟನೆಯ ಬೆನ್ನು, ಊರೇ ಹೆದರುವ ನಾಲಿಗೆ. ಟವೆಲ್ ಬಿಚ್ಚಿ ಫೋಟೋವನ್ನು ಕೌಂಟರಿನ ಮೇಲೆ ನಿಲ್ಲಿಸಿದರು. ಅವರ ಗಂಡ ದೌಲತರಾಯರದು; ತೀರಿಕೊಂಡು ಹನ್ನೊಂದು ವರ್ಷವಾಗಿತ್ತು. ತೆಗೆದವರು ಗನಿಸಾಬರೇ. ಕೆನ್ನೆ ಉಬ್ಬಿತ್ತು, ಹುಬ್ಬು ಗಂಟಿಕ್ಕಿತ್ತು, ಕಣ್ಣು ಇನ್ನೇನು ಗಾಜು ಒಡೆದು ಹೊರಗೆ ಬರುವ ಹಾಗಿತ್ತು. ಬದುಕಿದ್ದಾಗ ದೌಲತರಾಯರು ಎತ್ತಿನ ಮೇಲೂ ದನಿ ಏರಿಸಿದವರಲ್ಲ. ಈಗ ಮನೆಗೆ ಬಂದ ಬೀಗರೆಲ್ಲ ಯಜಮಾನರಿಗೆ ಯಾರ ಮೇಲೆ ಅಷ್ಟು ಸಿಟ್ಟು ಅಂತ ಕೇಳುತ್ತಾರಂತೆ.

"ಹನ್ನೊಂದ ವರ್ಷಾತು ಗನಿ, ನಮ್ಮವರು ಗ್ವಾಡಿ ಮ್ಯಾಲ ಉಸರ ಹಿಡ್ಕೊಂಡು ಕುಂತಾರ," ಅಂದರು ಸುಭದ್ರಾಬಾಯಿ. "ಹಿಡೀರಿ ಅಂತ ನೀ ಅಂದಿ. ಬಿಡ್ರಿ ಅಂತ ಯಾವತ್ತರ ಅಂದಿಯೇನು?"

ಗನಿಸಾಬರು ಕುರ್ಚಿ ಒರೆಸಿ ಅವರ ಮುಂದಕ್ಕೆ ಸರಿಸಿದರು.

ಸುಭದ್ರಾಬಾಯಿ ಬಂದದ್ದು ಜಗಳಕ್ಕಲ್ಲ, ತಮ್ಮದೊಂದು ಫೋಟೋಕ್ಕೆ. ಗಂಡನ ಪಕ್ಕದಲ್ಲಿ ಮುಂದೆ ತೂಗಬೇಕಾದ ಫೋಟೋ. ಹೋಗುವ ಅವಸರವೇನೂ ಅವರಿಗಿರಲಿಲ್ಲ. ಆದರೆ ಈಗಲೇ ತೆಗೆಸಿಡದಿದ್ದರೆ ಮಕ್ಕಳು ಆಧಾರ್ ಕಾರ್ಡಿನ ಫೋಟೋವನ್ನೇ ದೊಡ್ಡದು ಮಾಡಿ ಹಾರ ಹಾಕುತ್ತಾರೆ, ಅದರಲ್ಲಿ ತಾನು ಕೋಳಿ ಕದ್ದು ಸಿಕ್ಕಿಬಿದ್ದವಳ ಹಾಗೆ ಇದ್ದೇನೆ ಅಂತ ಅವರ ಚಿಂತೆ. ರಸ್ತೆಯ ಆಚೆ ಸಂತೋಷಕುಮಾರ ಹೊಸದಾಗಿ ತೆರೆದ ಸ್ಟುಡಿಯೋಕ್ಕೂ ಹೋಗಿ ಒಂದು ತೆಗೆಸಿಕೊಂಡು ಬಂದಿದ್ದರು. ಅಲ್ಲಿ ಆಳೆತ್ತರದ ಫ್ಲ್ಯಾಶ್ ಲೈಟುಗಳಿವೆ, ಕೂತವರೆಲ್ಲ ಸುಣ್ಣದ ಗೋಡೆಯಷ್ಟು ಬೆಳ್ಳಗೆ ಬರುತ್ತಾರೆ. ಆ ಬಿಳುಪಿನೊಳಗೆ ಹಣೆಯ ವಿಭೂತಿ ಮಾಯ, ಮೂಗಿನ ಮುತ್ತು ಮಾಯ, ಕಂಪ್ಯೂಟರಿಗೆ ಹಾಕಿದ ಮೇಲೆ ಸುಕ್ಕುಗಳೂ ಮಾಯ. ಮನೆಯಲ್ಲಿ ಮೊಮ್ಮಗಳು ನೋಡಿ, ಈ ಆಂಟಿ ಯಾರು ಅಂತ ಕೇಳಿದಳಂತೆ.

ಹೀಗಾಗಿ ಸುಭದ್ರಾಬಾಯಿಯ ಕರಾರು ಎರಡು. ಉಸಿರು ಹಿಡಿಯುವುದಿಲ್ಲ. ವಿಭೂತಿಯ ಮೂರೂ ಗೆರೆ ಕಾಣಬೇಕು. ಹದಿನೈದು ದಿನಕ್ಕೆ ಇಜೇರಿಯ ಮಗಳ ಮನೆಗೆ ಹೊರಡುವವರು, ಅಷ್ಟರೊಳಗೆ ಆಗಬೇಕು. ಎದ್ದು ಹೋಗುವಾಗ ಗಂಡನ ಫೋಟೋವನ್ನು ಅಲ್ಲೇ ಬಿಟ್ಟರು. "ಇವರು ಇಲ್ಲೇ ಇರ್ಲಿ, ನಿನ್ನ ನೋಡ್ಕೋತ," ಅಂದರು.

ಅಂದಿನಿಂದ ದೌಲತರಾಯರು ಕೌಂಟರಿನ ಮೇಲಿಂದ ಗನಿಸಾಬರನ್ನು ದುರುಗುಟ್ಟಿ ನೋಡತೊಡಗಿದರು. ಚಹಾ ಕುಡಿದರೂ ನೋಡುತ್ತಿದ್ದರು, ನಮಾಜಿಗೆ ಅಂಗಡಿ ಮುಚ್ಚಿದರೂ ನೋಡುತ್ತಿದ್ದರು. ಮನೆಯಲ್ಲಿ ಹೆಂಡತಿ ಅಮೀರುನ್ನಿಸಾ ಈ ಸುದ್ದಿ ಕೇಳಿ, ಎದ್ದು ಹೋಗಿ, ಟ್ರಂಕಿನಿಂದ ತಮ್ಮ ಮದುವೆಯ ವಾರದ ಫೋಟೋ ತಂದಿಟ್ಟರು. ಗನಿಸಾಬರೇ ಕ್ಯಾಮೆರಾಕ್ಕೆ ಟೈಮರ್ ಹಚ್ಚಿ, ತಮಗೆ ತಾವೇ ಉಸಿರು ಹಿಡಿಯಲು ಹೇಳಿಕೊಂಡು ತೆಗೆದದ್ದು. ಈ ನಿಕಾಹ್ ಇವರಿಗೆ ಒಲ್ಲದ್ದಾಗಿತ್ತೇನೋ ಅಂತ ತಾನು ಎಷ್ಟೋ ವರ್ಷ ನಂಬಿದ್ದೆ ಅಂದರು ಅಮೀರುನ್ನಿಸಾ. ಗನಿಸಾಬರು ಫೋಟೋವನ್ನು ಕಣ್ಣ ಹತ್ತಿರ ಹಿಡಿದು ತಮ್ಮದೇ ಉಬ್ಬಿದ ಮುಖ ನೋಡಿಕೊಂಡರು. ಮರುದಿನವೇ ಕಲಬುರ್ಗಿಗೆ ಹೋಗಿ ಲೈಟು ತರುವುದೆಂದು ಗಟ್ಟಿ ಮಾಡಿದರು.

ಲೈಟು ಆಯ್ದುಕೊಳ್ಳಲು ವಿಭೂತಿ ಇರುವ ಹಣೆಯೊಂದು ಬೇಕಾಗಿತ್ತು. ಪಕ್ಕದಲ್ಲೇ ಫೋಟೋಕ್ಕೆ ಕಟ್ಟು ಹಾಕುವ ಸಿದ್ದಲಿಂಗನಿದ್ದ. ಬಾಲ್ಯದ ಗೆಳೆಯ, ಹಣೆ ತಲೆಯ ನಡುವಿನ ತನಕ ಬೆಳೆದಿತ್ತು, ದಿನಾ ಬೆಳಿಗ್ಗೆ ಅದರ ತುಂಬ ಮೂರು ಗೆರೆ ಎಳೆಯದೆ ಹೊರಗೆ ಬಂದವನಲ್ಲ. ಮಿರ್ಚಿ ಭಜಿ, ಸುಸಲಾ ಕೊಡಿಸುವ ಮಾತಿನ ಮೇಲೆ ಅವನು ಮುಖ ಕೊಡಲು ಒಪ್ಪಿದ.

ಕಲಬುರ್ಗಿಯ ಅಂಗಡಿಯವನು ಮೊದಲು ಇಳಿಸಿದ್ದು ನಾನೂರು ವ್ಯಾಟಿನ ಫ್ಲ್ಯಾಶ್ ಲೈಟು. ಪವರ್ ಜಾಸ್ತಿ, ರೇಟು ಕಮ್ಮಿ, ಕಣ್ಣು ಮುಚ್ಚಿ ಒಯ್ಯಿರಿ ಅಂದ. ಹೊಲದ ಮೋಟರನ್ನು ಎಚ್‌ಪಿ ನೋಡಿ ಕೊಳ್ಳುವ ಊರಿನವರು ಗನಿಸಾಬರು. ನಾನೂರು ಅಂದಕೂಡಲೇ ಮನಸ್ಸು ಅರ್ಧ ಒಪ್ಪಿತ್ತು. ಆದರೂ ತಮ್ಮ ಕೋಣೆಯಷ್ಟೇ ಜಾಗ ಹೆಜ್ಜೆಯಲ್ಲಿ ಅಳೆದು, ಸಿದ್ದಲಿಂಗನನ್ನು ಕೂರಿಸಿ, ಫೋಟೋ ಹೊಡೆದರು. ಸಿದ್ದಲಿಂಗ ಸುಲಿದ ಮೊಟ್ಟೆಯ ಹಾಗೆ ಬಂದ. ಗುಂಡಿ ತಿರುವಿ ಪವರನ್ನು ಪೂರಾ ಇಳಿಸಿದರೂ ಮೊಟ್ಟೆಯೇ. ಆಮೇಲೆ ಕ್ಯಾಮೆರಾ ತಲೆಗೆ ಸಿಕ್ಕಿಸುವ ಸಣ್ಣ ಫ್ಲ್ಯಾಶ್ ಬಂತು. ಅದು ಅಗ್ಗ ಹೌದು, ಆದರೆ ಸಿದ್ದಲಿಂಗನನ್ನು ಪೊಲೀಸ್ ಸ್ಟೇಷನ್ನಿನ ಬೋರ್ಡಿಗೆ ಹಚ್ಚುವ ಹಾಗೆ ತೋರಿಸಿತು. ಕೊನೆಗೆ ಅಂಗಡಿಯವನು ಬೇಸರದಿಂದ ಇನ್ನೂರು ವ್ಯಾಟಿನದೊಂದು ತಂದು, ಬೆಳಕು ಹರಡುವ ಬಿಳಿ ಕೊಡೆ ಹಚ್ಚಿ ನಿಲ್ಲಿಸಿದ. ಇದರ ಗುಂಡಿ ಕೆಳಗೆ ತಿರುವಿದಷ್ಟೂ ಇಳಿಯುತ್ತಿತ್ತು. ಇಳಿದಂತೆ ಒಂದು ಗೆರೆ ಕಂಡಿತು, ಎರಡು ಕಂಡವು, ಇನ್ನೊಂದು ಮೆಟ್ಟಿಲಿಗೆ ಮೂರೂ ಕಂಡವು. ಮೂರನೆಯದು ಎಡಕ್ಕೆ ಸೊಟ್ಟಗಿದ್ದದ್ದೂ ಕಂಡಿತು. ಸೊಟ್ಟ ಇರುವುದು ಲೈಟು, ತನ್ನ ಕೈಯಲ್ಲ ಅಂತ ಸಿದ್ದಲಿಂಗ ವಾದ ಹೂಡಿದ.

ಗನಿಸಾಬರಿಗೆ ಅದನ್ನು ಕೇಳಲು ಪುರಸೊತ್ತಿರಲಿಲ್ಲ. ಸಣ್ಣ ಕೋಣೆಗೆ ಬೇಕಾದದ್ದು ಜೋರಾಗಿ ಕೂಗುವ ಲೈಟಲ್ಲ, ದನಿ ತಗ್ಗಿಸಿ ಮಾತಾಡಬಲ್ಲ ಲೈಟು ಅನ್ನುವುದು ಅವರಿಗೆ ಹೊಳೆದಿತ್ತು. ತಲೆ ಅಲ್ಲಾಡಿಸು ಅಂತ ಸಿದ್ದಲಿಂಗನಿಗೆ ಹೇಳಿ ಮತ್ತೊಂದು ಹೊಡೆದರು. ಅಲ್ಲಾಡಿದರೂ ಮೂಗು ಒಂದೇ ಇತ್ತು. ಇನ್ನು ಮೇಲೆ ಯಾರೂ ಉಸಿರು ಹಿಡಿಯಬೇಕಾಗಿಲ್ಲ ಅಂತ ತಿಳಿದು ಅವರ ಕಣ್ಣು ಒದ್ದೆಯಾದವು. ಒಂದು ಲೈಟು, ಒಂದು ಸ್ಟ್ಯಾಂಡು, ಒಂದು ಕೊಡೆ ಕಟ್ಟಿಸಿಕೊಂಡರು. ಎರಡನೆಯ ಲೈಟಿನ ಬದಲು ಇನ್ನೊಂದು ಬದಿಗೆ, ಬೆಳಕು ಮರಳಿ ಮುಖಕ್ಕೆ ಬೀಳುವ ಹಾಗೆ, ಥರ್ಮಾಕೋಲ್ ಹಾಳೆ ನಿಲ್ಲಿಸಿದರಾಯಿತು. ಅರವತ್ತು ಸಲ ಫ್ಲ್ಯಾಶ್ ಹೊಡೆಸಿಕೊಂಡ ಸಿದ್ದಲಿಂಗನಿಗೆ ವಾಪಸು ಬರುವ ಬಸ್ಸಿನಲ್ಲಿ ಚೌಡಾಪುರ ದಾಟುವ ತನಕ ಕಂಡಕ್ಟರನ ಮುಖ ಹಸಿರಾಗಿಯೇ ಕಾಣುತ್ತಿತ್ತು.

ಹದಿನಾಲ್ಕನೆಯ ದಿನ ಸುಭದ್ರಾಬಾಯಿ ಇಳಕಲ್ ಸೀರೆ ಉಟ್ಟು ಬಂದು ಕುರ್ಚಿಯ ಮೇಲೆ ಕೂತರು. ಹ್ಯಾಲೋಜನ್ ಆರಿಸಿದ್ದಾಯಿತು, ಕೊಡೆ ಬಾಗಿಸಿದ್ದಾಯಿತು, ದೌಲತರಾಯರನ್ನು ಕ್ಯಾಮೆರಾದ ಪಕ್ಕದ ಸ್ಟೂಲಿನ ಮೇಲೆ ಇಟ್ಟದ್ದಾಯಿತು. ಗನಿಸಾಬರು ಬಗ್ಗಿ, ಒಂದು ಕಣ್ಣು ಮುಚ್ಚಿ, ಬಿಸ್ಮಿಲ್ಲಾ ಅಂದುಕೊಂಡು, "ಉಸರ ಹಿಡೀರಿ," ಅಂದರು.

ಸುಭದ್ರಾಬಾಯಿ ಹಿಡಿದರು. ಲೈಟು ಹೊಡೆಯಿತು.

ಬೈಗುಳ ತಿಂದ ಗನಿಸಾಬರು ಎರಡನೆಯ ಸಲ ತುಟಿ ಕಚ್ಚಿಕೊಂಡರು. ಆದರೆ ಈಗ ಸುಭದ್ರಾಬಾಯಿಯೇ, ಹೇಳದೆ ಕೇಳದೆ, ಕೆನ್ನೆ ಉಬ್ಬಿಸಿದರು. ಸಿದ್ದಲಿಂಗನನ್ನು ಕರೆದು ಮಾತಿಗೆ ಹಚ್ಚಿದ್ದೂ ಆಯಿತು. ತೊಗರಿಯ ಸುದ್ದಿ, ಸೊಸೆಯ ಸುದ್ದಿ ಎಲ್ಲ ಹರಿಯುತ್ತಿದ್ದವು; ಗನಿಸಾಬರು ಕ್ಯಾಮೆರಾಕ್ಕೆ ಬಗ್ಗಿದ್ದೇ ತಡ, ಮಾತು ಅರ್ಧಕ್ಕೆ ನಿಂತು ಕೆನ್ನೆ ಉಬ್ಬುತ್ತಿತ್ತು. ಹನ್ನೆರಡು ಫೋಟೋ, ಹನ್ನೆರಡರಲ್ಲೂ ವಿಭೂತಿ ಸ್ಪಷ್ಟ, ಹನ್ನೆರಡರಲ್ಲೂ ಸುಭದ್ರಾಬಾಯಿ ನದಿಗೆ ಜಿಗಿಯುವವರೇ. ಗನಿಸಾಬರು ಕುಸಿದುಹೋದರು. ಲೈಟು ಬದಲಾಯಿಸಬಹುದು, ಇಡೀ ತಾಲೂಕಿಗೆ ತಾವೇ ಕಲಿಸಿದ ಚಟವನ್ನು ಬಿಡಿಸುವುದು ಹೇಗೆ ಅಂತ ಅವರಿಗೆ ತಿಳಿಯಲಿಲ್ಲ.

ಹದಿಮೂರನೆಯದಕ್ಕೆ ಬಗ್ಗಿದಾಗ, ಆ ಮಾತು ಎಲ್ಲಿ ಬಾಯಿಂದ ಜಾರೀತೋ ಅನ್ನುವ ಹೆದರಿಕೆಗೆ ಅವರೇ ಉಸಿರು ಹಿಡಿದರು. ಸುಭದ್ರಾಬಾಯಿಯೂ ಹಿಡಿದಿದ್ದರು. ಅವರು ಬಿಡಲಿ ಅಂತ ಇವರು ಕಾದರು, ಇವರು ಬಟನ್ ಒತ್ತಲಿ ಅಂತ ಅವರು ಕಾದರು. ಗನಿಸಾಬರ ಮುಖ ಕೆಂಪಾಯಿತು, ಟೋಪಿ ಜಾರಿ ಹುಬ್ಬಿಗೆ ಬಂತು, ಕಣ್ಣು ಥೇಟ್ ದೌಲತರಾಯರ ಕಣ್ಣಿನಂತಾದವು. ಸುಭದ್ರಾಬಾಯಿ ಸ್ಟೂಲಿನ ಮೇಲಿದ್ದ ಗಂಡನನ್ನು ನೋಡಿದರು, ಪಕ್ಕದಲ್ಲಿ ಬಗ್ಗಿದ್ದ ಗನಿಸಾಬರನ್ನು ನೋಡಿದರು.

"ಗನಿ, ನೀನರ ಉಸರ ಬಿಡಪಾ," ಅಂದರು. "ನನ್ನ ಫೋಟೋಕ್ಕ ನೀ ಸಾಯಬ್ಯಾಡ."

ಹೇಳಿ ಮುಗಿಸುವಷ್ಟರಲ್ಲಿ ಅವರಿಗೆ ತಡೆಯಲಾರದ ನಗು ಬಂತು. ಗನಿಸಾಬರು ಭುಸ್ಸನೆ ಉಸಿರು ಬಿಟ್ಟರು, ಬಿಡುತ್ತಲೇ ಬೆರಳು ಒತ್ತಿದರು.

ಬಾಯಿ ತುಂಬ ನಗು, ಕೆಳಗಿನ ಎರಡು ಹಲ್ಲು, ಮಿನುಗುವ ಮುತ್ತು, ಮೂರು ಗೆರೆ. ಕಟ್ಟು ಹಾಕುವಾಗ ಸಿದ್ದಲಿಂಗ, ಹಾರ ಹಾಕುವ ಫೋಟೋದಲ್ಲಿ ಇಷ್ಟು ನಕ್ಕರೆ ಅಳುವವರಿಗೆ ತೊಂದರೆಯಾಗುತ್ತದೆ ಅಂತ ತಕರಾರು ತೆಗೆದ. ತೊಂದರೆಯಾದವರು ಆಚೆ ಹೋಗಿ ಅಳಲಿ ಅಂದರು ಸುಭದ್ರಾಬಾಯಿ.

ಮರುದಿನ ಇಜೇರಿಯ ಬಸ್ಸು ಹಿಡಿಯುವ ಮೊದಲು ಅವರು ಎರಡೂ ಫೋಟೋಗಳನ್ನು ಕೌಂಟರಿನ ಮೇಲೆ ಜೋಡಿಸಿಟ್ಟು ಬಹಳ ಹೊತ್ತು ನೋಡಿದರು. ಆಮೇಲೆ ಸೆರಗಿನಿಂದ ಗಂಡನ ಉಬ್ಬಿದ ಕೆನ್ನೆಯ ಮೇಲಿನ ಧೂಳು ಒರೆಸಿದರು.

"ಸಾಕ್ರಿ ಇನ್ನ," ಅಂದರು, ಗಂಡನಿಗಷ್ಟೇ ಕೇಳುವ ಹಾಗೆ. "ಬಿಡ್ರಿ ಉಸರ."