ಮಲಗದ ರಿಮೋಟು

ಚಾಚಿಯ ಕೈಯಲ್ಲಿ ಒಂದೇ ಒಂದು ಉಗುರು ಉದ್ದ ಇತ್ತು, ಬಲಗೈ ಹೆಬ್ಬೆರಳಿನದು. ಉಳಿದ ಉಗುರುಗಳನ್ನು ಶುಕ್ರವಾರಕ್ಕೊಮ್ಮೆ ಬುಡಮಟ್ಟ ತೆಗೆಯುತ್ತಿದ್ದಳು. ಇದೊಂದನ್ನು ಮಾತ್ರ ಮುದ್ದಿನಿಂದ ಸಾಕಿದ್ದಳು, ಅದೂ ಅಂದಕ್ಕಲ್ಲ. ವಿಡಿಯೋ ಗೇಮಿನ ರಿಮೋಟಿನ ಬೆನ್ನಿಗೆ ಸೆಲ್ಲು ಹಾಕುವ ಪುಟ್ಟ ಮುಚ್ಚಳ ಇರುತ್ತದಲ್ಲ, ಅದನ್ನು ಎತ್ತಲಿಕ್ಕೆ. ಮದರಂಗಿ ಬಣ್ಣ ಅರ್ಧ ಇಳಿದ ಆ ಉಗುರನ್ನು ಮುಚ್ಚಳದ ಸಂದಿಗೆ ಹಾಕಿದಳೆಂದರೆ ಟಕ್ಕನೆ ಬಿಚ್ಚಿಕೊಳ್ಳುತ್ತಿತ್ತು. ನಾವು ಹಲ್ಲು ಹಚ್ಚಿ, ಕೀಲಿಕೈ ತುರುಕಿ ಒದ್ದಾಡುವುದನ್ನು ನೋಡಿ ಅವಳಿಗೆ ಭಾರಿ ನಗು.

ಬೈಲಹೊಂಗಲದಲ್ಲಿ ನಮ್ಮ ಮನೆಗೂ ಅವಳ ಮನೆಗೂ ನಡುವೆ ಒಂದೇ ಗೋಡೆ. ಅವಳ ಗಂಡ ಟೆಂಪೋ ಓಡಿಸುತ್ತಿದ್ದರು. ಹುಣ್ಣಿವೆ ಬಂತೆಂದರೆ ಎಲ್ಲಮ್ಮನ ಗುಡ್ಡಕ್ಕೆ ಮಂದಿಯನ್ನು ಹೇರಿಕೊಂಡು ಹೋದವರು ಎರಡು ದಿನ ಮನೆಯ ಕಡೆ ಬರುತ್ತಿರಲಿಲ್ಲ. ಒಬ್ಬಳೇ ಕೂತು ಏನು ಮಾಡಲಿ ಎಂದು ಚಾಚಿ ತನ್ನ ಪಡಸಾಲೆಯಲ್ಲೇ ವಿಡಿಯೋ ಗೇಮಿನ ಅಂಗಡಿ ತೆಗೆದಳು. ಅಂಗಡಿ ಅಂದರೆ ಏನು, ಒಂದು ಟಿವಿ, ಅದರ ಕೆಳಗೆ ಆಟದ ಪೆಟ್ಟಿಗೆ, ನೆಲಕ್ಕೊಂದು ಜಮಖಾನೆ. ಚಪ್ಪಲಿ ಹೊರಗೆ ಬಿಟ್ಟು, ಕಾಲು ತೊಳೆದುಕೊಂಡೇ ಒಳಗೆ ಬರಬೇಕು. ನೇಸರಗಿಯಿಂದ ಸಂತೆಗೆ ಬಂದ ಮೀಸೆ ಹೊತ್ತ ಗಂಡಸರೂ ಅವಳ ಮನೆಯ ನಳದ ಕೆಳಗೆ ಕಾಲು ತೊಳೆದುಕೊಂಡು ಕಾರು ಓಡಿಸಲು ಕೂಡುತ್ತಿದ್ದುದನ್ನು ನಾನೇ ನೋಡಿದ್ದೇನೆ.

ಮೊದಲಿದ್ದವು ವೈರಿನ ರಿಮೋಟುಗಳು. ಒಂದು ದಿನ ಅವಳದೇ ಆಡು ಒಳಗೆ ನುಗ್ಗಿ, ವೈರಿನಲ್ಲಿ ಕಾಲು ಸಿಕ್ಕಿಸಿಕೊಂಡು ಓಟ ಕಿತ್ತಿತು. ಆಟದ ಪೆಟ್ಟಿಗೆ ಆಡಿನ ಬೆನ್ನು ಹತ್ತಿ ಅಂಗಳದವರೆಗೆ ಹೋಯಿತು. ಮಗಳನ್ನು ಹುಬ್ಬಳ್ಳಿಗೆ ಕೊಟ್ಟಿದ್ದಳು. ಅಲ್ಲಿ ಟಿವಿ ರಿಪೇರಿ ಮಾಡುತ್ತಿದ್ದ ಅಳಿಯ ಆಮೇಲೆ ವೈರಿಲ್ಲದ ರಿಮೋಟು ತಂದುಕೊಟ್ಟ. ವೈರಿನ ಕಾಟ ಹೋಯಿತು, ಸೆಲ್ಲಿನ ಕಾಟ ಬಂತು. ವೈರಿನ ರಿಮೋಟು ಪೆಟ್ಟಿಗೆಯಿಂದ ಉಣ್ಣುತ್ತಿತ್ತು, ಇದು ತನ್ನ ಬುತ್ತಿ ತಾನೇ ಕಟ್ಟಿಕೊಂಡು ಬರಬೇಕು.

ಬುತ್ತಿ ಬೇಗ ತೀರಬಾರದೆಂದು ರಿಮೋಟು ತಯಾರಿಸಿದವರು ಒಂದು ಉಪಾಯ ಮಾಡಿದ್ದರು. ಸ್ವಲ್ಪ ಹೊತ್ತು ಯಾರೂ ಗುಂಡಿ ಒತ್ತದಿದ್ದರೆ ಅದು ತನ್ನಷ್ಟಕ್ಕೆ ದೀಪ ಆರಿಸಿ ಮಲಗಿಬಿಡುತ್ತಿತ್ತು. ಎಬ್ಬಿಸಬೇಕೆಂದರೆ ನಡುವಿನ ಗುಂಡಿಯನ್ನು ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿ ಹಿಡಿಯಬೇಕು. ಎಷ್ಟು ಹೊತ್ತಿಗೆ ಮಲಗಬೇಕು ಎಂಬುದನ್ನು ನಾವೇ ಹೇಳಬಹುದಿತ್ತು. ಟಿವಿಯ ಮೇಲೆ ಅರ್ಧಚಂದ್ರನ ಚಿತ್ರ ಬರುತ್ತಿತ್ತು. ಅದನ್ನು ಒತ್ತಿದರೆ ಬೇಗ, ತಡವಾಗಿ, ಮಲಗುವುದೇ ಬೇಡ ಎಂದು ಬೇಕಾದ್ದು ಆರಿಸಬಹುದು. ಅಳಿಯ ಇದನ್ನು ತೋರಿಸಿಕೊಟ್ಟ ದಿನವೇ ಚಾಚಿ ಎಲ್ಲಕ್ಕಿಂತ ಬೇಗ ಮಲಗುವುದನ್ನು ಆರಿಸಿದಳು. ಹುಡುಗರು ಯಾರ ಪಾಳಿ ಎಂದು ಜಗಳಾಡಿ ಮುಗಿಸುವಷ್ಟರಲ್ಲಿ ರಿಮೋಟು ನಿದ್ದೆಗೆ ಜಾರಿರುತ್ತಿತ್ತು. ಅವರು ಗೊಣಗಿದರೆ ಅವಳದು ಒಂದೇ ಮಾತು: "ಮಲಗೂದಂದ್ರ ಮೈಗಳ್ಳತನ ಅಲ್ಲೋ. ನಾಳಿಗಿ ಉಳಿಸೂದು."

ಕರೆಂಟು ಹೋದಾಗಿನ ಗಮ್ಮತ್ತು ಬೇರೆ. ಟಿವಿ ಕಪ್ಪಾದರೂ ರಿಮೋಟುಗಳು ಪೆಟ್ಟಿಗೆಯನ್ನು ಹುಡುಕುತ್ತ ಮಿಣಮಿಣ ಅನ್ನುತ್ತಲೇ ಇರುತ್ತಿದ್ದವು, ಸುಮ್ಮನೆ ಸೆಲ್ಲು ಹಾಳು. ಅದಕ್ಕೇ ಕರೆಂಟು ಹೋದ ಕೂಡಲೇ ಎಲ್ಲರೂ ರಿಮೋಟು ತಂದು ಅವಳ ಸೀರೆಯ ಸೆರಗಿಗೆ ಹಾಕಬೇಕೆಂಬ ಕಟ್ಟಳೆ. ನಮ್ಮ ಅವ್ವ ಬಾಗಿಲಲ್ಲಿ ನಿಂತು, ಚಾಚಿಗೆ ಉಡಿ ತುಂಬುತ್ತಿದ್ದಾರೆ, ಅರಿಷಿಣ ಕುಂಕುಮ ತರಲೇನು ಎಂದು ಚಾಷ್ಟಿ ಮಾಡುತ್ತಿದ್ದಳು. ಚಾಚಿ ಒಂದೊಂದರ ದೀಪವನ್ನೂ ಆರಿಸಿ, ಸೆರಗು ಮಡಚಿ, ಗೋಡೆಗೆ ಒರಗಿ ತಾನೂ ಕಣ್ಣು ಮುಚ್ಚುತ್ತಿದ್ದಳು. ಕರೆಂಟು ಬಂದ ಕ್ಷಣಕ್ಕೆ ಎಚ್ಚರ.

ಜಾಣೆ ಎಂದ ಮಾತ್ರಕ್ಕೆ ತಪ್ಪು ಮಾಡುತ್ತಿರಲಿಲ್ಲ ಎಂದಲ್ಲ. ನಮ್ಮ ಕಡೆ ತೀರಿದ ಸೆಲ್ಲನ್ನು ಯಾರೂ ಎಸೆಯುವುದಿಲ್ಲ, ಬಿಸಿಲಿಗೆ ಇಡುತ್ತಾರೆ. ಟಾರ್ಚಿನಲ್ಲಿ ಮತ್ತೆ ನಾಲ್ಕು ದಿನ ಮಂದ ಬೆಳಕು ಬರುತ್ತದೆ. ಅಳಿಯ ಚಾರ್ಜು ಮಾಡುವ ಹೊಸ ಸೆಲ್ಲು ತಂದುಕೊಟ್ಟಾಗ ಚಾಚಿ ಅವನ್ನೂ ಮಾಳಿಗೆಯ ಮೇಲೆ, ಒಣಗಲು ಹಾಕಿದ ಮೆಣಸಿನಕಾಯಿಯ ಪಕ್ಕ ಸಾಲಾಗಿ ಇಟ್ಟಳು. ಕರೆಂಟಿನಲ್ಲಿ ತುಂಬುವ ಸೆಲ್ಲಿಗೆ ಬಿಸಿಲು ಇನ್ನಷ್ಟು ಬಲ ಕೊಟ್ಟೀತು ಎಂಬುದು ಅವಳ ಲೆಕ್ಕ. ಬ್ಯಾಸಗಿಯ ಬಿಸಿಲು ಬೇರೆ. ಸಂಜೆ ಹೋಗಿ ನೋಡಿದರೆ ಸೆಲ್ಲುಗಳೆಲ್ಲ ಉಬ್ಬಿ ನೀರು ಬಿಟ್ಟು ಕೂತಿದ್ದವು, ಮೆಣಸಿನಕಾಯಿಯೂ ಹೋಯಿತು. ಬೇರೆಯವರಾಗಿದ್ದರೆ ಮುಚ್ಚಿಡುತ್ತಿದ್ದರು. ಇವಳು ಬಂದವರನ್ನೆಲ್ಲ ಕರೆದು ತೋರಿಸಿದಳು, ರಾಮದುರ್ಗದ ತನ್ನ ತವರಿಗೂ ಹೇಳಿ ಕಳಿಸಿದಳು, ನೀವೂ ಹೀಗೆ ಮಾಡೀರಿ, ಹುಷಾರು ಎಂದು.

ಇನ್ನು ನನ್ನ ಕೈಯ ಕತೆ. ಆಗ ನಾನು ಬಜಾರದಲ್ಲಿ ಸೋದರಮಾವನ ಹೊಲಿಗೆ ಅಂಗಡಿಯಲ್ಲಿ ಕಟಿಂಗ್ ಮಾಡುತ್ತಿದ್ದೆ. ನನ್ನ ಕತ್ತರಿಗೆ ಊರಲ್ಲಿ ಹೆಸರಿತ್ತು, ಸುಳ್ಳು ಯಾಕೆ ಹೇಳಲಿ. ಒಂದು ಸಂಜೆ ಕಿತ್ತೂರಿನಿಂದ ಬರುವಾಗ ಬೈಕು ಜಾರಿ ಬಲಗೈ ಮಣಿಕಟ್ಟು ಮುರಿಯಿತು. ಪ್ಲಾಸ್ಟರ್ ಬಿಚ್ಚಿದಾಗ ಎಲುಬೇನೋ ಕೂಡಿತ್ತು, ಹೆಬ್ಬೆರಳು ಮಾತ್ರ ಮಡಚಲು ಒಲ್ಲೆ ಎಂದಿತು. ಬೆಳಗಾವಿಯ ಡಾಕ್ಟರರು ರಬ್ಬರಿನ ಚೆಂಡು ಕೊಟ್ಟು, ದಿನಾಲೂ ಹಿಚುಕು, ಬಿಟ್ಟರೆ ಬೆರಳು ಹೀಗೇ ನಿಲ್ಲುತ್ತದೆ ಎಂದರು. ಮಾವ ಒಳ್ಳೆಯವನೇ. ಆದರೆ ಅವನೂ ಅಂಗಡಿ ನಡೆಸಬೇಕಲ್ಲ. ಲಗ್ನದ ಸುಗ್ಗಿ ಶುರುವಾಗುವುದರೊಳಗೆ ಕೈ ಬರದಿದ್ದರೆ ಸವದತ್ತಿಯಿಂದ ಬೇರೆ ಕಟರ್‌ನನ್ನು ಕರೆಸುತ್ತೇನೆ ಎಂದು ಮುಖ ನೋಡದೆ ಹೇಳಿದ. ಹೆಬ್ಬೆರಳಿಲ್ಲದೆ ಕತ್ತರಿ ಹಿಡಿಯುವ ವಿದ್ಯೆ ಯಾರಿಗೂ ಬರುವುದಿಲ್ಲ.

ಚೆಂಡು ಹಿಚುಕುವುದರಷ್ಟು ಬೇಸರದ ಕೆಲಸ ಇನ್ನೊಂದಿಲ್ಲ. ಮನೆಯಲ್ಲಿ ಕೂತು ಅದರ ಮುಖ ನೋಡಿ ನೋಡಿ ಸಾಕಾಗಿ ಚಾಚಿಯ ಪಡಸಾಲೆಗೆ ಹೋಗಿ ಕೂತೆ. ಕಾರಿನ ಆಟ ಹಾಕಿದಳು. ರಿಮೋಟಿನ ಕೆಲಸವೆಲ್ಲ ಹೆಬ್ಬೆರಳಿನದೇ. ಬೆರಳನ್ನು ಗುಂಡಿಯ ಮೇಲೆ ತಂದಿಟ್ಟು ಒತ್ತುವುದರಲ್ಲೇ ನನಗೆ ಬೆವರು. ನೋವು ಇಳಿಯಲಿ ಎಂದು ಸ್ವಲ್ಪ ತಡೆದೆನೋ, ರಿಮೋಟು ಮಲಗಿತು. ಎಬ್ಬಿಸುವ ಗುಂಡಿ ಒತ್ತಲು ಬೆರಳಿಗೆ ಬಲವಿಲ್ಲ. ಪಕ್ಕದ ಹುಡುಗ ಎಬ್ಬಿಸಿ ಕೊಟ್ಟ. ಮತ್ತೆ ಮಲಗಿತು, ಮತ್ತೆ ಎಬ್ಬಿಸಿ ಕೊಟ್ಟ. ಊರಿಗೆಲ್ಲ ಅಂಗಿ ಕತ್ತರಿಸಿದ ನನಗೆ ಒಂದು ಗುಂಡಿ ಒತ್ತಲು ಆಳು ಬೇಕಾಯಿತಲ್ಲ ಎಂದು ರಿಮೋಟನ್ನು ಜಮಖಾನೆಯ ಮೇಲಿಟ್ಟು ಎದ್ದು ಬಂದೆ. ಮರುದಿನದಿಂದ ಹೋಗಲಿಲ್ಲ.

ಚಾಚಿ ಬಿಟ್ಟಾಳೆ? ನಮ್ಮ ಮನೆಗೇ ಬಂದಳು. ಅವ್ವ ಚಹಾ ಮಾಡಲು ಒಳಗೆ ಹೋದಾಗ ಸೆರಗಿನಿಂದ ಒಂದು ರಿಮೋಟು ತೆಗೆದು ನನ್ನ ಮಡಿಲಿಗೆ ಹಾಕಿದಳು. ಅದರ ಕುತ್ತಿಗೆಗೆ ಕೆಂಪು ದಾರ ಸುತ್ತಿತ್ತು.

"ಇದು ನಿಂದು. ಇದಕ್ಕ ಮಲಗಬ್ಯಾಡಂತ ಹೇಳೇನಿ," ಎಂದಳು. "ನಿನ್ನ ಹೆಬ್ಬಟ್ಟು ಏಳೂತನಕ ಇದೂ ಎಚ್ಚರ ಇರತೈತಿ. ಬಾ."

ಸೆಲ್ಲು ಉಳಿಸಲು ಉಗುರು ಬೆಳೆಸಿದವಳು ಹೇಳಿದ ಮಾತು ಇದು. ಎದ್ದು ಅವಳ ಹಿಂದೆ ಹೋದೆ.

ಮಲಗದ ರಿಮೋಟು ಸೆಲ್ಲು ತಿನ್ನುವ ಪರಿ ಅಷ್ಟಿಷ್ಟಲ್ಲ. ಬೇರೆಯವುಗಳ ಸೆಲ್ಲು ವಾರಗಟ್ಟಲೆ ಬಂದರೆ ಇದು ಕೈಯಲ್ಲಿ ಹಿಡಿದು ಕೂತಷ್ಟು ಹೊತ್ತೂ ಉಣ್ಣುತ್ತಲೇ ಇತ್ತು. ಸೆಲ್ಲು ಸಾಲದೆ ಬಂದಾಗ ಚಾಚಿ ಗೋಡೆ ಗಡಿಯಾರದ್ದು ತೆಗೆದು ಹಾಕಿದಳು. ಗಡಿಯಾರ ನಿಂತಿತು. ಟಿವಿಯ ರಿಮೋಟಿನವು ಹೋದವು. ಚಾಚಾ ಊಟಕ್ಕೆ ಬಂದವರು ಹೊತ್ತು ಎಷ್ಟಾಯಿತೆಂದು ಗೋಡೆ ನೋಡಿ, ತಮ್ಮ ಟೆಂಪೋದ ಬ್ಯಾಟರಿಯನ್ನಾದರೂ ಬಿಡುತ್ತೀಯೋ ಇಲ್ಲವೋ ಎಂದು ಕೇಳಿದರು. ಗುಡ್ಡದ ಜಾತ್ರೆಯಲ್ಲಿ ಒಮ್ಮೆ ಟೆಂಪೋದ ದೀಪ ಹಚ್ಚಿಟ್ಟು ಮಲಗಿ, ಬೆಳಿಗ್ಗೆ ಉಗರಗೋಳದ ಮಂದಿಯಿಂದ ಗಾಡಿ ನೂಕಿಸಿಕೊಂಡಿದ್ದವರು ಅವರು. ಬ್ಯಾಟರಿ ಅಂದರೆ ಅವರಿಗೆ ಜೀವ ಝಲ್ ಅನ್ನುತ್ತಿತ್ತು. ಹುಡುಗರೂ ಬಿಡಲಿಲ್ಲ, ತಮ್ಮ ರಿಮೋಟು ಮಾತ್ರ ಮಲಗುತ್ತದೆ, ಅಣ್ಣನದಕ್ಕೆ ಯಾಕೆ ಈ ಉಪಚಾರ ಎಂದು ಪಂಚಾಯ್ತಿ ತೆಗೆದರು. ಕೈ ಮುರಿದುಕೊಂಡು ಬನ್ನಿ, ನಿಮಗೂ ದಾರ ಕಟ್ಟುತ್ತೇನೆ ಎಂದು ಚಾಚಿ ಬಾಯಿ ಮುಚ್ಚಿಸಿದಳು.

ನಾನು ದಿನಾಲೂ ಹೋದೆ. ಚೆಂಡಿಗೆ ಬಗ್ಗದ ಬೆರಳು ಕಾರಿನ ಆಸೆಗೆ ಬಗ್ಗಿತು. ಮೊದಲು ತುದಿ ಅಲುಗಿತು, ಆಮೇಲೆ ಗೆಣ್ಣು. ಗಾಡಿ ಎಮ್ಮೆಯ ಹಾಗೆ ಅಡ್ಡಾದಿಡ್ಡಿ ಹೋಗುತ್ತಿದ್ದದ್ದು ಸರಿದಾರಿಗೆ ಬಂತು. ಆದರೆ ಬೆರಳು ಒಂದು ಹಂತಕ್ಕೆ ಬಂದು ಅಲ್ಲೇ ನಿಂತೂಬಿಟ್ಟಿತು. ಈಗ ಹಿಂದಿರುಗಿ ನೋಡಿದರೆ ಗೊತ್ತಾಗುತ್ತದೆ, ರಿಮೋಟು ಹೇಗೂ ಕಾಯುತ್ತದೆ ಎಂಬ ಧೈರ್ಯ ನನಗೆ ಬಂದುಬಿಟ್ಟಿತ್ತು. ನಾಲ್ಕು ಸಲ ಒತ್ತುವುದು, ಕೈ ಕೆಳಗಿಟ್ಟು ಹರಟೆ ಹೊಡೆಯುವುದು, ಚಹಾ ಕುಡಿಯುವುದು. ಚಾಚಿ ಸ್ಟೂಲಿನ ಮೇಲೆ ಅರೆಗಣ್ಣು ಮುಚ್ಚಿ ಕೂತು ಇದನ್ನೆಲ್ಲ ನೋಡುತ್ತಿದ್ದಳು.

ಲಗ್ನದ ಸುಗ್ಗಿ ಹತ್ತಿರ ಬಂದಿತ್ತು. ಒಂದು ಮಧ್ಯಾಹ್ನ ಹರಟೆ ಮುಗಿಸಿ ಕೆಂಪು ದಾರದ ರಿಮೋಟು ಎತ್ತಿಕೊಂಡರೆ ದೀಪ ಆರಿತ್ತು. ಸೆಲ್ಲು ತೀರಿತೆಂದು ಚಾಚಿಯ ಕಡೆ ಚಾಚಿದೆ. ಅವಳು ಉಗುರು ಮುಂದೆ ಮಾಡಲಿಲ್ಲ. ಸೆಲ್ಲು ಬೆಳಿಗ್ಗೆಯಷ್ಟೇ ಹಾಕಿದ್ದು, ಚಂದ್ರನನ್ನು ಒತ್ತಿ ಇದನ್ನೂ ಎಲ್ಲದರ ಹಾಗೆ ಮಲಗಲು ಬಿಟ್ಟಿದ್ದೇನೆ ಎಂದಳು. ಪಕ್ಕದ ಹುಡುಗ ಎಬ್ಬಿಸಿ ಕೊಡಲು ಕೈ ನೀಡಿದ. ಅವನ ಕೈಗೆ ಮೆಲ್ಲಗೆ ಒಂದು ಕೊಟ್ಟು ಹಿಂದೆ ಸರಿಸಿದಳು.

"ಕಾಯೂದು ಕಾಯ್ತು. ಇನ್ನ ನೀನಽ ಎಬ್ಬಿಸು ಬೇಟಾ."

ನನಗೆ ಸಿಟ್ಟು ಬಂತು, ಅಷ್ಟು ಹುಡುಗರ ಎದುರಿಗೆ. ಆ ಸಿಟ್ಟಿನಲ್ಲೇ ಹೆಬ್ಬೆರಳನ್ನು ನಡುವಿನ ಗುಂಡಿಯ ಮೇಲಿಟ್ಟು ಒತ್ತಿದೆ. ಜಾರಿತು. ಮತ್ತೆ ಇಟ್ಟೆ. ಮಣಿಕಟ್ಟಿನಿಂದ ಮೊಣಕೈವರೆಗೆ ನೋವು ಹತ್ತಿತು, ಹಲ್ಲು ಕಚ್ಚಿ ಬಿಡದೆ ಹಿಡಿದೆ. ಪಡಸಾಲೆಯಲ್ಲಿ ಆಟ ನಿಂತು ಎಲ್ಲರ ಕಣ್ಣೂ ನನ್ನ ಬೆರಳಿನ ಮೇಲೆ. ಕೆಂಪು ದಾರದ ಕೆಳಗೆ ದೀಪ ಹತ್ತಿತು. ಹುಡುಗರು ಹೋ ಎಂದರು. ಚಾಚಿ ಮಾತ್ರ ಕಣ್ಣು ಮುಚ್ಚಿ ಗೋಡೆಗೆ ಒರಗಿದಳು, ನಿದ್ದೆಗೆ ಅಲ್ಲ ಎಂದು ಅವಳ ಒದ್ದೆ ಕೆನ್ನೆ ನೋಡಿದ ಮೇಲೆ ತಿಳಿಯಿತು.

ಅಂದಿನಿಂದ ನಾನೇ ಬೇಕಂತ ರಿಮೋಟನ್ನು ಮಲಗಿಸಿ ಎಬ್ಬಿಸತೊಡಗಿದೆ. ಡಾಕ್ಟರರ ಚೆಂಡನ್ನು ಆಡಿನ ಮರಿಗೆ ಆಡಲು ಕೊಟ್ಟೆ. ಮಾವ ಮೊದಲು ಹಳೆಯ ಬಟ್ಟೆ ಕೊಟ್ಟು ಕತ್ತರಿಸು ನೋಡೋಣ ಎಂದ. ಅದನ್ನು ಕೇಳಿ ಚಾಚಿ ರಮಜಾನಿಗೆ ಮಗಳಿಗೆಂದು ತಂದಿದ್ದ ಹೊಸ ಬಟ್ಟೆಯನ್ನೇ ತಂದು ನನ್ನ ಮುಂದೆ ಹಾಸಿದಳು. ಕೆಟ್ಟರೆ ಎಂದು ಮಾವ ಕೇಳಿದ. ಕೆಡುವುದಿಲ್ಲ ಎಂದಳು. ಕೆಡಲಿಲ್ಲ. ಸವದತ್ತಿಯ ಕಟರ್ ಸವದತ್ತಿಯಲ್ಲೇ ಉಳಿದ.

ಮುಂದೆ ನಾನು ನನ್ನದೇ ಅಂಗಡಿ ಹಾಕಿದೆ. ಮನೆಮನೆಗೆ ಕಂಪ್ಯೂಟರು ಬಂದು ಚಾಚಿಯ ಪಡಸಾಲೆಯಲ್ಲಿ ಆಟ ನಿಂತಿತು. ಜಮಖಾನೆ ಮಾತ್ರ ಹಾಸಿಯೇ ಇರುತ್ತಿತ್ತು, ಸಂಜೆ ನಾನು ಚಹಾಕ್ಕೆ ಹೋಗಿ ಅದರ ಮೇಲೆ ಕೂಡುತ್ತಿದ್ದೆ. ಒಂದು ಶ್ರಾವಣದಲ್ಲಿ ಜ್ವರ ಎಂದು ಮಲಗಿದವಳು ಮತ್ತೆ ಏಳಲಿಲ್ಲ.

ಆ ಬೆಳಿಗ್ಗೆ ಅವಳ ಮಗಳು ಹೆಣಕ್ಕೆ ಉಡಿಸುವ ಕಫನಿನ ಬಿಳಿ ಬಟ್ಟೆ ಹಿಡಿದು ನಮ್ಮ ಬಾಗಿಲಿಗೆ ಬಂದಳು. ಆ ಬಟ್ಟೆಗೆ ಸೂಜಿ ತಾಗಬಾರದು, ಕತ್ತರಿ ಆಡಬಹುದು. ಹೆಂಗಸರಿಗೆ ತಲೆ ತೂರುವಷ್ಟು ಕೊರಳು ಬಿಟ್ಟು ಒಂದು ಅಂಗಿಯಂಥದ್ದನ್ನೂ ಕತ್ತರಿಸಬೇಕಾಗುತ್ತದೆ. ಮನೆಯಲ್ಲಿ ಹಿರಿಯ ಹೆಂಗಸರು ಇದ್ದರು, ಅವರೂ ಮಾಡಬಹುದಿತ್ತು. ಆದರೂ ಅವಳು ಬಟ್ಟೆಯನ್ನು ನನ್ನ ಕೈಗೇ ಕೊಟ್ಟಳು. ಕತ್ತರಿಸುವ ಹಲಗೆಯ ಮೇಲೆ ನಾನು ಹಾಸುತ್ತಿದ್ದಾಗ ಮೆಲ್ಲಗೆ ಹೇಳಿದಳು: "ಹೆಬ್ಬಟ್ಟಿನ ಉಗುರು ಹಂಗಽ ಐತಿ ಅಣ್ಣಾ. ಜೀವ ಹೋದ ಮ್ಯಾಲೆ ತೆಗಿಬಾರದಂತ."

ಬಟ್ಟೆಯ ಮಡಿಕೆ ನೀವಿದೆ. ಆಮೇಲೆ ಹೆಬ್ಬೆರಳನ್ನು ಕತ್ತರಿಯೊಳಗೆ ತೂರಿಸಿದೆ. ಚಾಚಿಯ ಅಳತೆ ನನಗೆ ಬಾಯಿಪಾಠವಿತ್ತು. ಎಲ್ಲೂ ತಡೆಯದೆ ಕೊನೆಯವರೆಗೆ ಕತ್ತರಿಸಿ ಕೊಟ್ಟೆ.