ಗಂಗಕ್ಕನ ವಿಜಾಪುರ

ಆಗ ಗಜೇಂದ್ರಗಡದ ನಮ್ಮ ಓಣಿಯಿಂದ ಯಾರಾದರೂ ಬಸ್ಸು ಹತ್ತಿದರೆಂದರೆ ಮೂರೇ ಕಾರಣ ಇರುತ್ತಿದ್ದವು: ಮದುವೆ, ಮಣ್ಣು, ಇಲ್ಲವೇ ದೇವರ ಹರಕೆ. ಸುಮ್ಮನೆ ಒಂದು ಊರು ನೋಡಲಿಕ್ಕೆ, ಅಲ್ಲಿ ಸಿಗುವುದನ್ನು ತಿನ್ನಲಿಕ್ಕೆ ಹೋಗುವುದೆಂದರೆ ಜನ ನಗುತ್ತಿದ್ದರು. ಇಟಗಿಯ ಭೀಮಾಂಬಿಕೆಗೆ ಹೋಗಿ ಕಾಯಿ ಒಡೆಸಿಕೊಂಡು ಬಂದರೆ ಅದೇ ನಮಗೆ ಕಾಶಿ, ಅದೇ ರಾಮೇಶ್ವರ. ನಿಮ್ಮಲ್ಲೂ ಎಷ್ಟೋ ಮಂದಿ ಹೀಗೇ ಬೆಳೆದವರಿದ್ದೀರಿ, ನಾನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮದು ಸೀರೆ ನೇಯುವ ಮನೆ. ಬಾಗಿಲು ದಾಟಿದರೆ ಪಡಸಾಲೆ, ಪಡಸಾಲೆಯ ತುಂಬ ಕುಣಿಮಗ್ಗ. ನೆಲದಲ್ಲಿ ಮೊಳಕಾಲುದ್ದ ಕುಣಿ, ಅದರೊಳಗೆ ಕಾಲು ಇಳಿಬಿಟ್ಟು ಅಪ್ಪ ಹೊತ್ತು ಮೂಡುವುದರೊಳಗೆ ಕೂತರೆ ಊಟಕ್ಕೆ ಏಳುತ್ತಿದ್ದ, ಮತ್ತೆ ಕೂಡುತ್ತಿದ್ದ. ಅವ್ವ ಒಲೆ ನೋಡುತ್ತಿದ್ದಳು. ನನ್ನಕ್ಕ ಗಂಗಾ ಏಳನೆಯ ಇಯತ್ತೆಗೆ ಸಾಲಿ ಬಿಟ್ಟು ರಾಟಿಗೆ ಕೂತವಳು, ಲಾಳಿಗೆ ಹಾಕುವ ಕಂಡಿಕೆಗಳಿಗೆ ನೂಲು ಸುತ್ತುವುದು ಅವಳ ಕೆಲಸ. ಅಪ್ಪನಿಗೆ ಬೆನ್ನು ಹಿಡಿದ ದಿನ ಅವಳೇ ಕುಣಿಗೆ ಇಳಿಯುತ್ತಿದ್ದಳು. ನಾನು ಚಿಕ್ಕವಳು, ರತ್ನಿ. ಸಾಲಿಗೆ ಹೋಗುವುದು, ನೂಲು ತುಳಿಯದ ಹಾಗೆ ಮನೆಯೊಳಗೆ ಅಡ್ಡಾಡುವುದು, ಇವೆರಡೇ ನನ್ನ ಪಾಲಿಗೆ ಇದ್ದವು.

ಆ ಚಳಿಗಾಲ ಗಂಗಕ್ಕನ ಮದುವೆ ಗೊತ್ತಾಯಿತು. ಗಂಡು ಇಳಕಲ್ಲ ಕಡೆಯವನು, ಅವರದೂ ನೇಯುವ ಮನೆಯೇ. ಬೀಗರು ಎದ್ದು ಹೋದ ಸಂಜೆ ಅಪ್ಪ ಖುಷಿಯಲ್ಲಿದ್ದ. ಎಲೆಅಡಿಕೆ ಮೆಲ್ಲುತ್ತ ಕೇಳಿದ:

"ಗಂಗವ್ವಾ, ಗಂಡನ ಮನಿಗಿ ಹೋಗೂ ಮುಂದ ನಿನಗೇನರ ಬೇಕೇನು? ಬಾಯಿಬಿಟ್ಟು ಕೇಳು."

ಕಾಲ್ಗೆಜ್ಜೆ ಕೇಳುತ್ತಾಳೆಂದು ನಾನು ಅಂದುಕೊಂಡಿದ್ದೆ. ಅವಳು ರಾಟಿ ನಿಲ್ಲಿಸಿ ಅಂದಳು:

"ವಿಜಾಪುರ ನೋಡಬೇಕು."

"ಏನಂದಿ?"

"ಎರಡ ದಿನ ವಿಜಾಪುರಕ್ಕ ಹೋಗಿ ಬರೂಣು. ಗೋಳಗುಮ್ಮಟ ನೋಡೂಣು. ಖಾನಾವಳ್ಯಾಗ ಕುಂತು ಉಣ್ಣೂಣು. ಒಂದ ಸಲರ ಬ್ಯಾರೆಯವರು ಬಡದ ರೊಟ್ಟಿ ಉಣಬೇಕ ನೋಡಪಾ."

ಒಳಗಿನಿಂದ ಅವ್ವ, "ಅಯ್ಯ ಇಕಿನ! ನನ್ನ ರೊಟ್ಟಿಗೆ ಏನ ಧಾಡಿ ಆಗೈತಿ?" ಎಂದಳು.

"ಏನೂ ಆಗಿಲ್ಲವ್ವಾ, ದಿನಾ ಅದ ಆಗೈತಿ."

ಎಲ್ಲರೂ ನಕ್ಕೆವು. ಗಂಗಕ್ಕ ನಗಲಿಲ್ಲ. "ಅಪ್ಪಾ, ಆ ಮನ್ಯಾಗೂ ಮಗ್ಗ ಐತಿ. ಈ ಕುಣ್ಯಾಗಿಂದ ಎದ್ದು ಆ ಕುಣ್ಯಾಗ ಹೋಗಿ ಕುಂದರಾಕಿ ನಾ. ನಡುವ ಎರಡ ದಿನ ಕೊಡು, ಸಾಕು" ಎಂದಳು. ಅಪ್ಪ ಎದ್ದು ಹೋಗಿ ಎಲೆಅಡಿಕೆ ಉಗುಳಿ ಬಂದ. ಆಮೇಲೆ "ಆತು" ಅಂದ.

ಆತು ಅಂದದ್ದೇ ತಡ, ನಮ್ಮ ಮನೆಯಲ್ಲಿ ಬೇರೆ ಮಾತೇ ಉಳಿಯಲಿಲ್ಲ. ಸಂತೆಯ ಮಾಲು ಹೊತ್ತು ಟೆಂಪೊ ಓಡಿಸುತ್ತಿದ್ದ ದಾದಾಪೀರ ಕಾಕಾ ವಾರಕ್ಕೊಮ್ಮೆ ವಿಜಾಪುರದ ಮುಖ ನೋಡಿ ಬರುತ್ತಿದ್ದ. ಅವನು ಚಹಾಕ್ಕೆಂದು ನಮ್ಮ ಕಟ್ಟೆಗೆ ಕೂತರೆ ಗಂಗಕ್ಕ ಬಿಡುತ್ತಿರಲಿಲ್ಲ.

"ಕಾಕಾ, ಗುಮ್ಮಟದಾಗ ಈ ಕಡೆ ಪಿಸುಗುಟ್ಟಿದ್ರ ಆ ಕಡೆ ಕೇಳತೈತಂತ, ಖರೇನ?"

"ಖರೇ ಅಂದ್ರ ಖರೇನವಾ. ಗುಟ್ಟು ಇದ್ದವರು ಅಲ್ಲಿ ಹೋಗಬಾರದು."

"ಚಳಿಗಾಲದಾಗ ಏನ ಸಿಗತೈತಿ ತಿನ್ನಾಕ?"

"ಏನ ಬೇಕು ಹೇಳು. ಬಿಸಿ ಮಿರ್ಚಿ ಭಜಿ, ದ್ರಾಕ್ಷಿ, ಬಾರಿಹಣ್ಣು. ಊರ ಹೊರಗ ಸೀತನಿ ಸುಟ್ಟು ಕೊಡ್ತಾರ. ಖಾನಾವಳ್ಯಾಗ ಖಡಕ್ ರೊಟ್ಟಿ, ಎಣ್ಣಿಗಾಯಿ, ಶೇಂಗಾ ಹಿಂಡಿ, ಮ್ಯಾಲೆ ಕೆನಿಮೊಸರು. ಸಾಕಂದ್ರೂ ಬಡಸ್ತಾರ, ಕೈ ಅಡ್ಡ ಹಿಡೀಬೇಕು."

ಖರೇ ಹೇಳಬೇಕೆಂದರೆ ಅವೆಲ್ಲ ನಮ್ಮೂರಲ್ಲೂ ಇದ್ದವು. ಹಾಲುಗಾಳಿನ ಜೋಳದ ತೆನೆ ಸುಟ್ಟು ಉಜ್ಜಿದರೆ ಸೀತನಿ, ಅದಕ್ಕೆ ವಿಜಾಪುರವೇ ಬೇಕೆ? ಆದರೆ ಕಾಕಾನ ಬಾಯಿಂದ ಕೇಳಿದ ಸೀತನಿಯ ಘಮವೇ ಬೇರೆ ಇತ್ತು.

ಗಂಗಕ್ಕ ಅಡುಗೆಮನೆಯ ಮೂಲೆಯಲ್ಲಿ ನೆಲದ ಮೇಲೆ ರಂಗೋಲಿಪುಡಿಯಿಂದ ವಿಜಾಪುರ ಬರೆದಳು. ದೊಡ್ಡ ಸುತ್ತು ಗುಮ್ಮಟ, ಅದರಾಚೆ ಬಾರಾಕಮಾನು, ಊರ ಗೋಡೆಯ ಮೇಲೆ ದೊಡ್ಡ ಫಿರಂಗಿ, ಮತ್ತೊಂದು ಕಡೆ ಇಬ್ರಾಹಿಂ ರೋಜಾ. ನಡುವೆ ಒಂದು ಚೌಕ, ಅದು ಖಾನಾವಳಿ. ನಾನು ಸಾಲಿಯಿಂದ ಬಂದೊಡನೆ ನಾವಿಬ್ಬರೂ ಒಂಟಿಕಾಲಲ್ಲಿ ಕುಂಟುತ್ತ ಊರು ಸುತ್ತುತ್ತಿದ್ದೆವು. ನಾನು ಕಂಡಕ್ಟರು, "ಇಳಕಲ್ಲ ಬಂತ್ರಿ, ಬಸ್ಸು ಬದಲಿ ಮಾಡ್ರಿ" ಎಂದು ಕೂಗಬೇಕು. ದಿನವೂ ಒಂದೇ ಜಗಳ. ಬಸ್ಸಿಳಿದ ಕೂಡಲೆ ಭಜಿ ತಿನ್ನಬೇಕೆಂದು ನಾನು, ಮೊದಲು ಗುಮ್ಮಟ ಹತ್ತಬೇಕೆಂದು ಅವಳು.

"ಹೊಟ್ಟಿ ತುಂಬಿದ ಮ್ಯಾಲೆ ಗುಮ್ಮಟ ಹತ್ತಿದ್ರ ತೇಕು ಬರತೈತಲೇ ಹುಚ್ಚಿ."

"ಬರೇ ಹೊಟ್ಟಿಲೆ ಹತ್ತಿದ್ರ ಚಕ್ಕರ್ ಬರತೈತಿ."

ಅವ್ವ ಕಾಳು ಹಸನು ಮಾಡುತ್ತ, "ಕೂಸು ಹುಟ್ಟೂಕಿಂತ ಮದಲ ಕುಲಾವಿ ಹೊಲಸಾಕತ್ತೀರಿ" ಎಂದು ಬೈಯುತ್ತಿದ್ದಳು. ಬೈದವಳೇ ಟ್ರಂಕಿನಿಂದ ತನ್ನ ಒಳ್ಳೆಯ ಸೀರೆ ತೆಗೆದು ಬಿಸಿಲಿಗೆ ಹಾಕಿದ್ದೂ ನನಗೆ ಗೊತ್ತು. ಅವಳೂ ಇಟಗಿಯಾಚೆ ಏನೂ ಕಂಡವಳಲ್ಲ.

ಅಪ್ಪನದು ಒಂದೇ ಷರತ್ತು. ಬರಿದಾದ ಮಗ್ಗ ಬಿಟ್ಟು ಮನೆಮಂದಿಯೆಲ್ಲ ಊರು ದಾಟಬಾರದು ಎಂಬುದು ನಮ್ಮ ಮನೆಯ ನೇಮ, ನಮ್ಮ ಅಜ್ಜನ ಕಾಲದಿಂದ ಬಂದದ್ದು. ಮಗ್ಗದ ಮೇಲಿನ ಹಾಸು, ಅಂದರೆ ಉದ್ದಕ್ಕೆ ಬಿಗಿದ ನೂಲು, ನೇಯ್ದು ಮುಗಿಯಬೇಕು. ಹೊಸ ಹಾಸಿನ ನೂಲು ಬಿಚ್ಚಿ, ಗಂಜಿ ಹಚ್ಚಿ, ಬಿಸಿಲಿಗೆ ಒಣಗಿಸಿ, ಹಳೆಯ ಎಳೆಗೆ ಹೊಸ ಎಳೆ ಒಂದೊಂದಾಗಿ ಹೊಸೆದು ಕೂಡಿಸಿ ಮಗ್ಗಕ್ಕೇರಿಸಬೇಕು. ಅದಾದ ಮೇಲೆ ಎಲ್ಲಿಗೆ ಬೇಕಾದರೂ ಹೋಗಬಹುದು. ಇತ್ತ ಬೀಗರು ಹೇಳಿಕಳಿಸಿದ್ದರು: ಸಂಕ್ರಾಂತಿ ದಾಟಿದ ಮೇಲೆ ಹುಡುಗಿ ಊರ ಸೀಮೆ ದಾಟಬಾರದು, ಕಾರ್ಯ ಹತ್ತಿರ ಬಂದಿರುತ್ತದೆ. ಹಾಗಾಗಿ ಎಳ್ಳಮವಾಸೆಗೂ ಸಂಕ್ರಾಂತಿಗೂ ನಡುವಿನ ನಾಲ್ಕು ದಿನವೇ ಗಂಗಕ್ಕನಿಗೆ ಉಳಿದದ್ದು.

ಹಳೆಯ ಹಾಸು ಅಮವಾಸೆಯ ಹಿಂದಿನ ದಿನ ಮುಗಿಯಿತು. ಅಮವಾಸೆಯಂದು ಮಗ್ಗ ಮುಟ್ಟುವಂತಿಲ್ಲ. ಆ ದಿನ ಅವ್ವ, ಗಂಗಕ್ಕ ಕೂಡಿ ಬುತ್ತಿ ಮಾಡಿದರು. ಎಳ್ಳು ಹಚ್ಚಿದ ಸಜ್ಜೆರೊಟ್ಟಿ, ಶೇಂಗಾ ಹೋಳಿಗೆ, ಕೆಂಪು ಚಟ್ನಿ. ಖಾನಾವಳಿಯಲ್ಲಿ ಉಣ್ಣುವವರಿಗೆ ಬುತ್ತಿ ಯಾಕೆಂದು ಕೇಳಿದ್ದಕ್ಕೆ ಅವ್ವ, "ಬುತ್ತಿ ಇಲ್ಲದ ಹೊಂಟ್ರ ಮಂದಿ ಏನಂತಾರ?" ಎಂದಳು.

ಮರುದಿನ ಹೊತ್ತು ಮೂಡುವ ಮೊದಲೇ ಓಣಿಯ ಉದ್ದಕ್ಕೂ ಗೂಟ ನಿಂತವು, ನೂಲು ಬಿಚ್ಚಿಕೊಂಡಿತು. ಒಬ್ಬರ ನೂಲು ಓಣಿಗೆ ಬಂದರೆ ಎಲ್ಲರೂ ಕೈ ಹಚ್ಚುವುದು ನಮ್ಮಲ್ಲಿ ರೂಢಿ. ಚುರುಮರಿ, ಚಹಾ ಕೊಟ್ಟರೆ ಮುಗಿಯಿತು. ಅವ್ವ ಗಂಜಿ ಕುದಿಸಿ ಇಳಿಸಿದ್ದಳು, ಓಣಿ ತುಂಬ ಅದರ ಹುಳಿವಾಸನೆ. ಆದರೆ ಹೊತ್ತು ಮೂಡಬೇಕಾದ ಕಡೆ ಬೆಳಕೇ ಇರಲಿಲ್ಲ. ಗುಡ್ಡ ಕಾಣದಷ್ಟು ಮಂಜು, ಮೇಲೆ ಕಪ್ಪು ಮೋಡ.

ಅಪ್ಪ ಮೇಲೆ ನೋಡಿದ. "ಇಂದ ಬ್ಯಾಡ. ಬಿಸಲಿಲ್ಲ."

"ಅಪ್ಪಾ, ಇಂದ ಬ್ಯಾಡ ಅಂದ್ರ ಮುಗೀತು" ಎಂದಳು ಗಂಗಕ್ಕ. "ನಾಳೆ ಹಚ್ಚಿ, ನಾಡದ ಎಳಿ ಕೂಡಸೂದ್ರಾಗ ಸಂಕ್ರಾಂತಿ ಬರತೈತಿ. ಇನ್ನ ಒಂದ ತಾಸಿಗೆ ಬಿಸಲು ಏರತೈತಿ ತಗೋ. ಹಚ್ಚೂಣು."

ಮಗ್ಗುಲ ಮನೆಯ ಸಂಗವ್ವಜ್ಜಿ, "ಬ್ಯಾಡೋ ತಮ್ಮಾ. ಇದು ಹರಿಯೂ ಮೋಡ ಅಲ್ಲ" ಎಂದಳು.

ಅಪ್ಪನಿಗೆ ಇದು ಗೊತ್ತಿರಲಿಲ್ಲವೆ? ಹುಟ್ಟಿದಾಗಿನಿಂದ ಅದೇ ಕೆಲಸ ಮಾಡಿದವನು. ಆದರೆ ಗಂಗಕ್ಕ ಗಂಜಿಯ ಬೋಗುಣಿಯನ್ನು ಎರಡೂ ಕೈಯಲ್ಲಿ ಹಿಡಿದು ಅವನ ಮುಂದೆ ನಿಂತಿದ್ದಳು. ಆ ಮಗಳು ಹುಟ್ಟಿದಂದಿನಿಂದ ಕೇಳಿದ್ದು ಅದೊಂದೇ. "ಹಚ್ರಿ" ಎಂದ ಅಪ್ಪ.

ಬಿಸಿಲು ಏರಲಿಲ್ಲ. ಮಧ್ಯಾಹ್ನಕ್ಕೆ ಸಣ್ಣಗೆ ಹನಿ ಶುರುವಾಯಿತು. ಗೋಣಿಚೀಲ, ಕೌದಿ, ಅವ್ವನ ಆ ಒಳ್ಳೆಯ ಸೀರೆ, ಕೈಗೆ ಸಿಕ್ಕಿದ್ದನ್ನೆಲ್ಲ ನೂಲಿನ ಮೇಲೆ ಹಿಡಿದು ಓಣಿಯವರು ನಿಂತರು. ಹನಿ ನಿಂತ ಮೇಲೆ ಕೆಂಡ ತುಂಬಿದ ಕಬ್ಬಿಣದ ಬುಟ್ಟಿಗಳನ್ನು ನೂಲಿನ ಕೆಳಗೆ ಸರಿಸುತ್ತ ಒಣಗಿಸಲು ನೋಡಿದರು. ಒಂದು ಕಡೆ ಸೀದಿತು, ಒಂದು ಕಡೆ ಹಸಿಯೇ ಉಳಿಯಿತು. ಬಿಡಿಬಿಡಿಯಾಗಿ ನಿಲ್ಲಬೇಕಾದ ಎಳೆಗಳು ಹತ್ತಿಪ್ಪತ್ತು ಕೂಡಿ ಅಂಟಿಕೊಂಡು ಹಗ್ಗದ ಹಾಗಾದವು. ಗಂಗಕ್ಕ ಉಗುರಿನಿಂದ ಒಂದೊಂದನ್ನೇ ಬಿಡಿಸುತ್ತ ಹೋದಳು. ಬಿಡಿಸಿದ್ದೆಲ್ಲ ಹರಿಯುತ್ತಿತ್ತು.

ಅಪ್ಪ ಬೈಯಲಿಲ್ಲ. ಬೈದಿದ್ದರೆ ಚಲೋ ಇತ್ತು ಅಂತ ಈಗಲೂ ಅನಿಸುತ್ತದೆ.

"ನನ್ನಿಂದನ ಆತು" ಎಂದಳು ಗಂಗಕ್ಕ.

"ಮೋಡಕ್ಕ ನೀ ಹೇಳಿ ಕಳಿಸಿದ್ದೇನು? ಸುಮ್ನಿರು" ಎಂದಳು ಅವ್ವ. ಇಬ್ಬರ ಕಣ್ಣಲ್ಲೂ ನೀರು.

ನೂಲು ಕೊಟ್ಟದ್ದು ನಮ್ಮಿಂದ ಸೀರೆ ನೇಯಿಸುವ ಸಾವಕಾರರು, ಹಾಗಾಗಿ ಎಸೆಯುವಂತಿರಲಿಲ್ಲ. ಅಂಟಿದ ಎಳೆ ಬಿಡಿಸಿ ಮಗ್ಗಕ್ಕೇರಿಸುವುದರೊಳಗೇ ಆ ನಾಲ್ಕು ದಿನ ಕಳೆದಿದ್ದವು, ಹೇಗಾದರೂ ಮಾಡಿ ಅದನ್ನೇ ನೇಯ್ದು ಮುಗಿಸಬೇಕಾಯಿತು. ಗೇಣು ನೇಯುವುದರೊಳಗೆ ಎಳೆ ಹರಿಯುತ್ತಿತ್ತು. ಅಪ್ಪ ಲಾಳಿ ನಿಲ್ಲಿಸುತ್ತಿದ್ದ, ಎದುರಿಗೆ ಕೂತ ಗಂಗಕ್ಕ ಬೆರಳಿಗೆ ಬೂದಿ ಹಚ್ಚಿಕೊಂಡು ಹರಿದ ಎಳೆ ಹೊಸೆಯುತ್ತಿದ್ದಳು. ಮತ್ತೆ ಲಾಳಿ, ಮತ್ತೆ ಹರಿದ ಎಳೆ. ವಿಜಾಪುರಕ್ಕೆ ಹೋಗುವುದಿಲ್ಲವೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹೇಳುವುದೇನಿತ್ತು? ಬುತ್ತಿಯನ್ನು ನಾವು ಮಗ್ಗದ ಪಕ್ಕದಲ್ಲೇ ಕೂತು ಮೂರು ದಿನ ತಿಂದೆವು. ಹೋಳಿಗೆ ರುಚಿಯಾಗಿತ್ತು, ಅದಕ್ಕೇ ಇನ್ನಷ್ಟು ಸಂಕಟವಾಗುತ್ತಿತ್ತು.

ನಾನು ಒಂದು ಸಂಜೆ ಸಾಲಿಯಿಂದ ಬಂದು ನೋಡಿದರೆ ಅಡುಗೆಮನೆಯ ಮೂಲೆ ಸಗಣಿಯಿಂದ ಸಾರಿಸಿತ್ತು. ಗುಮ್ಮಟವೂ ಇಲ್ಲ, ಖಾನಾವಳಿಯೂ ಇಲ್ಲ. ನಾನು ಹೋ ಎಂದು ಅತ್ತೆ. ಗಂಗಕ್ಕ ನನ್ನನ್ನು ಎಳೆದು ತೊಡೆಯ ಮೇಲೆ ಕೂಡಿಸಿಕೊಂಡಳು.

"ಅಳಬ್ಯಾಡಲೇ. ಇಳಕಲ್ಲದಿಂದ ವಿಜಾಪುರ ಇಲ್ಲಿಗಿಂತ ಹತ್ರ ಆಗತೈತಿ. ನಾ ಅಲ್ಲಿಂದ ಹೋಗಿ ನೋಡ್ತೀನಿ. ಆಮ್ಯಾಲೆ ನಿನ್ನ ಕರಸ್ಕೋತೀನಿ."

"ಮದಲ ಭಜಿ" ಎಂದೆ ನಾನು ಬಿಕ್ಕುತ್ತ.

"ಹೂಂ, ಆತು. ಮದಲ ಭಜಿ" ಎಂದಳು. ಅಷ್ಟು ದಿನ ಜಗಳಾಡಿದವಳು ಅಷ್ಟು ಲಗೂ ಸೋತದ್ದು ನನಗೆ ಸೇರಲಿಲ್ಲ.

ಮದುವೆಯಾಯಿತು. ಅವಳು ಹೋದ ಮನೆಯಲ್ಲಿ ಎರಡು ಮಗ್ಗ, ಹಾಸಿಗೆ ಹಿಡಿದ ಅತ್ತೆ, ಸಣ್ಣ ಮೈದುನರು. ನಾಗಪಂಚಮಿಗೆ ತವರಿಗೆ ಬಂದಾಗೆಲ್ಲ ನಾನು, "ನೋಡಿ ಬಂದೇನಕ್ಕಾ?" ಎಂದು ಕೇಳುತ್ತಿದ್ದೆ. "ಇನ್ನ ಇಲ್ಲಲೇ, ಹಾಸು ಮುಗೀಲಿ" ಎನ್ನುತ್ತಿದ್ದಳು. ಭಾವ ಕೆಟ್ಟವನೇನಲ್ಲ, ಅವನಿಗೂ ಪುರಸೊತ್ತಿರಲಿಲ್ಲ.

ಮೂರನೆಯ ವರ್ಷದ ಚಳಿಗಾಲ, ತವರಿಗೆ ಬರುವ ಮೊದಲೇ ನೋವು ಕಾಣಿಸಿಕೊಂಡು ಚೊಚ್ಚಲ ಹೆರಿಗೆ ಕಠಿಣವಾಗಿ, ಹಗಲಿನಲ್ಲೇ ಗಂಗಕ್ಕನನ್ನು ಜೀಪಿನಲ್ಲಿ ಮಲಗಿಸಿಕೊಂಡು ವಿಜಾಪುರದ ದವಾಖಾನೆಗೆ ಕರೆದೊಯ್ದರು. ಮುಟ್ಟುವ ಹೊತ್ತಿಗೆ ತಡವಾಗಿತ್ತು. ತಾಯಿಯೂ ಉಳಿಯಲಿಲ್ಲ, ಕೂಸೂ ಉಳಿಯಲಿಲ್ಲ.

ದಿನಕರ್ಮ ಮುಗಿದ ಮೇಲೆ ಭಾವ ನಮ್ಮ ಪಡಸಾಲೆಯಲ್ಲಿ ಕೂತು ಅಪ್ಪನಿಗೆ ಹೇಳಿದ: "ಊರು ಸಮೀಪ ಬಂದಾಗ ಕೇಳಿದ್ಲ್ರಿ ಮಾವ, ಗುಮ್ಮಟ ಕಾಣಾಕತ್ತೈತೇನು ಅಂತ. ಹೌದು, ಕಾಣತೈತಿ ಅಂದೆ. ನನ್ನ ಎತ್ತಿ ಕುಂದರಸ್ರಿ ಅಂದ್ಲು. ಈ ಹೊತ್ತಿನ್ಯಾಗ ನಿನಗ ಗುಮ್ಮಟ ಬೇಕೇನು, ಸುಮ್ನ ಮಕ್ಕೋ ಅಂತ ಬೈದ್ನಿರಿ. ಆಮ್ಯಾಲೆ ಮಾತಾಡ್ಲಿಲ್ಲ."

ಅಪ್ಪ ಎದ್ದು ಹೋಗಿ ಕುಣಿಗೆ ಕಾಲು ಇಳಿಬಿಟ್ಟು ಕೂತ. ನೇಯಲಿಲ್ಲ, ಸುಮ್ಮನೆ ಕೂತಿದ್ದ.

ಈಗ ಆ ಓಣಿಯಲ್ಲಿ ಗೂಟ ನೆಡಲು ಮಣ್ಣೇ ಇಲ್ಲ, ಎಲ್ಲ ಕಾಂಕ್ರೀಟು. ಉಳಿದ ಮಗ್ಗಗಳು ಬೆರಳೆಣಿಕೆಯಷ್ಟು. ಅಪ್ಪನೂ ಇಲ್ಲ, ಅವ್ವನೂ ಇಲ್ಲ. ನಾನು ಗಂಡ, ಮಕ್ಕಳ ಜೊತೆ ರೋಣದಲ್ಲಿದ್ದೇನೆ. ಡಿಸೆಂಬರ್ ರಜೆ ಬಂತೆಂದರೆ ಮಕ್ಕಳು ಫೋನು ಹಿಡಿದು ಕೂಡುತ್ತಾರೆ, ಚಹಾ ಕುದಿಯುವುದರೊಳಗೆ ಊರು, ಲಾಡ್ಜು, ಎಲ್ಲಿ ಏನು ತಿನ್ನಬೇಕು, ಎಲ್ಲ ಮುಗಿದಿರುತ್ತದೆ. ಮೈಸೂರು ನೋಡಿದೆವು, ಹೈದರಾಬಾದು ನೋಡಿದೆವು. ಮೊನ್ನೆ ಮಗಳು, "ಅವ್ವಾ, ಇಷ್ಟ ಹತ್ರ ಐತಿ, ವಿಜಾಪುರಕ್ಕ ಯಾಕ ನಾವು ಒಮ್ಮೆನೂ ಹೋಗಿಲ್ಲ?" ಎಂದು ಕೇಳಿದಳು. ನನಗೆ ಸಿಟ್ಟು ಬಂತು, ಯಾರ ಮೇಲೆಂದು ಗೊತ್ತಾಗಲಿಲ್ಲ. ಮುಂದಿನ ವರ್ಷ ನೋಡೋಣ ಎಂದೆ.

ಹೋಗಬಹುದು. ಕಾರಿದೆ, ರಸ್ತೆ ಚಲೋ ಇದೆ, ಬೆಳಿಗ್ಗೆ ಹೋದರೆ ಸಂಜೆಗೆ ಮನೆ. ಆದರೆ ಬಸ್‌ಸ್ಟ್ಯಾಂಡಿನ ಮುಂದೆ ನಿಂತು, ಮೊದಲು ಗುಮ್ಮಟ ಹತ್ತಬೇಕಲೇ ಹುಚ್ಚಿ ಎಂದು ನನ್ನ ಕೈ ಹಿಡಿದು ಜಗ್ಗುವವಳು ಯಾರಿದ್ದಾರೆ? ಆಕೆ ಇಲ್ಲದ ಆ ಊರಲ್ಲಿ ನಾನು ಏನು ನೋಡಲಿ?