ಎರಡು ಗಂಟೆಯ ಸೈರನ್

ಸೈರನ್ ಕೂಗಿದ್ದೇ ತಡ, ಮಜ್ಜಿಗೆ ಲೋಟ ಕೆಳಗಿಟ್ಟು ಅಡುಗೆಮನೆಗೆ ಓಡಿ, ಸಾರಿನ ಪಾತ್ರೆಯನ್ನು ಒಲೆಯ ಮೇಲಿಟ್ಟು ಗ್ಯಾಸ್ ಹಚ್ಚಿಬಿಟ್ಟೆ. ಆಮೇಲೆ ನೆನಪಾಯಿತು, ಅದು ನನ್ನ ಮನೆಯೇ ಅಲ್ಲ! ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿದ್ದ ಶಾಲೆಯ ಗೆಳತಿ ವನಜಾಳ ಮನೆಗೆ ನಾನು ಮೊದಲ ಸಲ ಬಂದು ಅರ್ಧ ಗಂಟೆಯೂ ಆಗಿರಲಿಲ್ಲ.

ವನಜಾ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಏನೇ ಮಾರಾಯ್ತಿ, ಶಿಫ್ಟ್ ಮುಗಿಸಿ ಬರೋದು ನನ್ನ ಗಂಡ! ನೀನ್ಯಾಕೆ ಸಾರು ಬಿಸಿ ಮಾಡ್ತೀಯ?"

ಮುಖ ಕೆಂಪಾದರೂ ನನಗೆ ಕುಣಿಯುವಷ್ಟು ಖುಷಿ. ಒರಿಸ್ಸಾದ ರೂರ್ಕೆಲಾದ ಉಕ್ಕಿನ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ಹನ್ನೊಂದು ವರ್ಷ ಇಂಥದೇ ಸೈರನ್ನಿಗೆ ಸಾರು ಬಿಸಿಗಿಟ್ಟವಳು ನಾನು. ಅದು ಕುದಿಯುವ ಹೊತ್ತಿಗೆ ಗೇಟಿನ ಬಳಿ ಇವರ ಸೈಕಲ್ ಬೆಲ್ ಕೇಳಿಸುತ್ತಿತ್ತು; ಬಂದವರೇ ಬಚ್ಚಲಿಗೆ ಹೋಗಿ ಕೈಕಾಲು ತೊಳೆದು ಊಟಕ್ಕೆ ಕೂರುತ್ತಿದ್ದರು. ಇವರಿಗೆ ಮಾಚೇನಹಳ್ಳಿಯ ಕೈಗಾರಿಕಾ ಪ್ರದೇಶದಲ್ಲಿ ಕೆಲಸ ಸಿಕ್ಕಿ, ನಾವು ಶಿವಮೊಗ್ಗದ ವಿನೋಬನಗರಕ್ಕೆ ಬಂದು ಮೂರು ತಿಂಗಳಾಗಿತ್ತು. ಸುತ್ತಲೂ ನಮ್ಮದೇ ಕನ್ನಡ, ಆದರೂ ಮಧ್ಯಾಹ್ನವಾದರೆ ಸೈರನ್ನಿಲ್ಲದೆ ಮನೆ ಮೂಕವಾದಂತೆ ಅನಿಸುತ್ತಿತ್ತು. ವಾಪಸ್ ಹೋಗೋಣ ಎಂದು ನಾನು ದಿನವೂ ಪೀಡಿಸಿದರೆ, ಇವರು "ನನಗೇನೂ ಅಲ್ಲಿಯ ನೆನಪಾಗಲ್ಲಪ್ಪ" ಎಂದು ಪೇಪರ್ ಅಗಲಿಸಿ ಕೂರುತ್ತಿದ್ದರು.

"ಭಾನುವಾರಾನೂ ಕೂಗುತ್ತೇನೇ?" ಎಂದು ಕೇಳಿದೆ.

"ಕೂಗದೆ ಏನು! ನಿಮ್ಮೆಜಮಾನ್ರನ್ನೂ ಕರ್ಕೊಂಡು ಬಾ. ಸಾರು ಮಾತ್ರ ನೀನೇ ಬಿಸಿ ಮಾಡ್ಬೇಕು."

ಆ ಭಾನುವಾರ ಇವರನ್ನು ಎಳೆದುಕೊಂಡೇ ಹೋದೆ. ಎರಡಕ್ಕೆ ಸರಿಯಾಗಿ ಸೈರನ್ ಕೂಗಿತು. ಸೋಫಾದಲ್ಲಿ ಪೇಪರ್ ಓದುತ್ತಿದ್ದ ಇವರು ಅದನ್ನು ಮಡಚಿಟ್ಟು, ಯಾರನ್ನೂ ಕೇಳದೆ ಎದ್ದು, ಬಚ್ಚಲಿಗೆ ಹೋಗಿ ಕೈಕಾಲು ತೊಳೆದುಕೊಂಡು ಬಂದರು. ಅಲ್ಲಿಯ ನೆನಪು ನನ್ನೊಬ್ಬಳದೇ ಅಲ್ಲ ಎಂದು ಗೊತ್ತಾದ ಮೇಲೆ, ವಾಪಸ್ ಹೋಗುವ ಮಾತನ್ನು ನಾನು ಮತ್ತೆ ಎತ್ತಲಿಲ್ಲ.